ಕೋಡಂಬಾಕ್ಕಂನ ಹೆಸರಿಲ್ಲದ ಬ್ಯಾಂಡು

2024ರ ಫೆಬ್ರವರಿಯಲ್ಲಿ ‘ಶಕ್ತಿ’ ತಂಡದ ‘ದಿಸ್ ಮೊಮೆಂಟ್’ ಆಲ್ಬಮ್ಮಿಗೆ ಗ್ರ್ಯಾಮಿ ಬಂದಾಗ ಚೆನ್ನೈಗೆ ಅದು ಮನೆಮಕ್ಕಳ ಸುದ್ದಿಯಾಗಿತ್ತು. ಖಂಜಿರ ನುಡಿಸಿದ ಸೆಲ್ವಗಣೇಶ್ ಇದೇ ಊರಿನ ಘಟಂ ವಿದ್ವಾಂಸ ವಿಕ್ಕು ವಿನಾಯಕರಾಂ ಅವರ ಮಗ. ಅದಾಗಿ ಹತ್ತು ತಿಂಗಳಿಗೆ, ಡಿಸೆಂಬರ್ 15ರಂದು, ‘ಶಕ್ತಿ’ಯ ತಬಲಾ ವಾದಕ ಝಾಕಿರ್ ಹುಸೇನ್ ತೀರಿಕೊಂಡರು. ಶ್ರದ್ಧಾಂಜಲಿಗಳ ನಡುವೆ ಐವತ್ತು ವರ್ಷ ಹಿಂದಿನ ಚಿತ್ರಗಳು ಮತ್ತೆ ಹೊರಬಂದವು: ಗಿಟಾರ್ ಹಿಡಿದು ಚಕ್ಕಳಮಕ್ಕಳ ಹಾಕಿ ಕೂತ ಜಾನ್ ಮೆಕ್‌ಲಾಫ್ಲಿನ್, ಪಕ್ಕದಲ್ಲಿ ಪಿಟೀಲಿನ ಎಲ್. ಶಂಕರ್, ತಬಲಾ, ಘಟ. ಆ ಚಿತ್ರಗಳನ್ನು ನೋಡಿದಾಗ ಎಪ್ಪತ್ತರ ದಶಕದ ಮದರಾಸು ಕಣ್ಣಿಗೆ ಕಟ್ಟುವುದು ನನ್ನ ವಯಸ್ಸಿನವರಿಗೆ ಸಹಜ. ಆದರೆ ನೆನಪಿನ ಹಿಂದೆಯೇ ಒಂದು ತಪ್ಪೊಪ್ಪಿಗೆಯೂ ಬಂದು ನಿಲ್ಲುತ್ತದೆ. ಜಾಝ್-ರಾಕ್ ಎನ್ನುವುದು ನ್ಯೂಯಾರ್ಕಿನಲ್ಲಿ, ಲಂಡನ್ನಿನಲ್ಲಿ, ಹೆಚ್ಚೆಂದರೆ ಬೊಂಬಾಯಿ ಕಲ್ಕತ್ತೆಗಳಲ್ಲಿ ನಡೆಯುವಂಥದ್ದು, ನಮ್ಮ ಪಾಲಿಗೆ ಅದರ ಪ್ಲೇಟುಗಳಷ್ಟೇ ದಕ್ಕುವುದು ಎಂದು ನಾವು ಆಗ ನಂಬಿದ್ದೆವು. ಆ ನಂಬಿಕೆ ತಪ್ಪಾಗಿತ್ತು. ಆ ಸಂಗೀತದ ಒಂದು ದೊಡ್ಡ ಪಾಲು ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳಲ್ಲಿ ದಿನನಿತ್ಯ ತಯಾರಾಗುತ್ತಿತ್ತು. ಅದರಲ್ಲಿ ಕನ್ನಡದ ಪಾಲು ಸಣ್ಣದಲ್ಲ. ನಾವು ಅದನ್ನು ಕೇಳುತ್ತಲೇ ಇದ್ದೆವು, ಕೇಳಿಸಿಕೊಳ್ಳಲಿಲ್ಲ.

ಇದನ್ನು ತೋರಿಸಲು ಒಂದು ಮನೆಯಿಂದ ಶುರುಮಾಡಬೇಕು. ಪಿಟೀಲು ವಿದ್ವಾಂಸ ವಿ. ಲಕ್ಷ್ಮೀನಾರಾಯಣ ಅವರು ಜಾಫ್ನಾದಲ್ಲಿ ಸಂಗೀತ ಕಲಿಸುತ್ತಿದ್ದವರು. 1958ರ ಜನಾಂಗೀಯ ಗಲಭೆಯ ನಂತರ ಕುಟುಂಬ ಮದರಾಸಿಗೆ ಮರಳಿತು. ಅವರ ಮಕ್ಕಳಲ್ಲಿ ವೈದ್ಯನಾಥನ್, ಸುಬ್ರಹ್ಮಣ್ಯಂ, ಶಂಕರ್ ಮೂವರೂ ಪಿಟೀಲು ಹಿಡಿದರು, ಮೂವರೂ ಒಟ್ಟಿಗೆ ಕಛೇರಿ ಮಾಡಿದರು. ಕಿರಿಯ ಶಂಕರ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ ಹೋದರು. ಮೆಕ್‌ಲಾಫ್ಲಿನ್ ಅಲ್ಲಿಯೇ ಮದರಾಸಿನ ಡಾ. ಎಸ್. ರಾಮನಾಥನ್ ಬಳಿ ವೀಣೆ ಕಲಿಯುತ್ತಿದ್ದರು. ‘ಶಕ್ತಿ’ ಹುಟ್ಟಿದ್ದು ಆ ಗೆಳೆತನದಿಂದ. ನಡುವಿನ ಸುಬ್ರಹ್ಮಣ್ಯಂ ಮದರಾಸಿನಲ್ಲಿ ವೈದ್ಯಶಾಸ್ತ್ರ ಓದಿ, ಆಮೇಲೆ ಪಿಟೀಲನ್ನೇ ನೆಚ್ಚಿ ಯುರೋಪು, ಅಮೆರಿಕಗಳ ಜಾಝ್ ವಾದಕರೊಡನೆ ಪ್ಲೇಟು ಮಾಡಿದರು. ಇನ್ನು ಹಿರಿಯ ವೈದ್ಯನಾಥನ್ ಊರಲ್ಲೇ ಉಳಿದು ಸಿನಿಮಾಕ್ಕೆ ಇಳಿದರು, ಅದೂ ಕನ್ನಡದ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ. ಕಾಶೀನಾಥರ ‘ಅಪರಿಚಿತ’ಕ್ಕೆ ಸಂಗೀತ ಕೊಟ್ಟವರು, ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ನ ಶೀರ್ಷಿಕೆ ರಾಗದಿಂದ ಒಂದಿಡೀ ತಲೆಮಾರಿನ ನಾಲಿಗೆಯ ಮೇಲೆ ಕೂತವರು ಇದೇ ಎಲ್. ವೈದ್ಯನಾಥನ್. ಜಿ.ಕೆ. ವೆಂಕಟೇಶ್ ಅವರ ಕಂಪೋಸಿಂಗ್ ಕೋಣೆಯಲ್ಲಿ ಗಿಟಾರ್, ಕಾಂಬೊ ಆರ್ಗನ್ ನುಡಿಸುತ್ತ ಸಹಾಯಕನಾಗಿದ್ದ ಇನ್ನೊಬ್ಬ ಯುವಕ ಇಳಯರಾಜ. ಹಾಗಿದ್ದ ಮೇಲೆ, ವಿಶ್ವದ ಜಾಝ್-ರಾಕ್ ಚರಿತ್ರೆಗೂ ಕನ್ನಡ ಚಿತ್ರಗೀತೆಗೂ ನಡುವೆ ಇದ್ದದ್ದು ಸಾಗರವಲ್ಲ, ಒಂದು ಮನೆಯ ಅಣ್ಣತಮ್ಮಂದಿರ ಅಂತರ. ಆದರೂ ತಮ್ಮಂದಿರ ಪ್ಲೇಟುಗಳನ್ನು ಜಾಝ್ ಕಪಾಟಿನಲ್ಲಿಟ್ಟು ಅಣ್ಣ ದುಡಿದ ಕೋಣೆಯ ಸಂಗೀತವನ್ನು ‘ಸಿನಿಮಾ ಹಾಡು’ ಎಂದು ಬದಿಗಿಟ್ಟೆವು.

ಬದಿಗಿಡಲು ಕಾರಣಗಳಿದ್ದವು, ಅವನ್ನು ನ್ಯಾಯವಾಗಿಯೇ ನೋಡಬೇಕು. ಹೊರದೇಶದ ಎಲ್‌ಪಿ ಆಗ ಸುಲಭಕ್ಕೆ ಸಿಗುವ ಪದಾರ್ಥವಲ್ಲ. ಸೆಂಟ್ರಲ್ ಸ್ಟೇಷನ್ ಪಕ್ಕದ ಮೂರ್ ಮಾರ್ಕೆಟ್ಟಿನ ಹಳೆ ಪುಸ್ತಕ, ಹಳೆ ಪ್ಲೇಟುಗಳ ರಾಶಿ, ಹಡಗಿನಲ್ಲಿ ಕೆಲಸ ಮಾಡುವವರ ಪೆಟ್ಟಿಗೆ, ಶಾರ್ಟ್‌ವೇವಿನಲ್ಲಿ ‘ವಾಯ್ಸ್ ಆಫ್ ಅಮೆರಿಕ’ದ ವಿಲ್ಲಿಸ್ ಕೊನೊವರ್ ಅವರ ಜಾಝ್ ಕಾರ್ಯಕ್ರಮ, ಕಲ್ಕತ್ತೆಯಿಂದ ಬರುತ್ತಿದ್ದ ‘ಜೂನಿಯರ್ ಸ್ಟೇಟ್ಸ್‌ಮನ್’ ವಾರಪತ್ರಿಕೆ: ಹುಡುಕುವವನಿಗೆ ಇದ್ದ ದಾರಿಗಳು ಇಷ್ಟೇ. ಮೈಲ್ಸ್ ಡೇವಿಸ್ ಅವರ ‘ಬಿಚಸ್ ಬ್ರೂ’ 1970ರದು, ಮೆಕ್‌ಲಾಫ್ಲಿನ್ ಅವರದೇ ತಂಡವಾದ ಮಹಾವಿಷ್ಣು ಆರ್ಕೆಸ್ಟ್ರಾದ ‘ಬರ್ಡ್ಸ್ ಆಫ್ ಫೈರ್’ 1973ರದು. ಅವು ಇಲ್ಲಿನ ಕಿವಿಗೆ ಬಿದ್ದದ್ದು ತಡವಾಗಿ, ಕೈಯಿಂದ ಕೈಗೆ ದಾಟಿದ ಗೀರುಬಿದ್ದ ಪ್ರತಿಗಳಲ್ಲಿ. ಕಷ್ಟಪಟ್ಟು ಸಿಕ್ಕಿದ್ದರ ಮೇಲೆ ಭಕ್ತಿ ಹುಟ್ಟುವುದು ಮನುಷ್ಯಸಹಜ. ಬೀದಿಯ ಹೋಟೆಲಿನ ರೇಡಿಯೋದಲ್ಲಿ ಬಿಟ್ಟಿಯಾಗಿ ಕೇಳಿಬರುತ್ತಿದ್ದುದಕ್ಕೆ ಆ ಭಕ್ತಿಯಲ್ಲಿ ಪಾಲು ಸಿಗಲಿಲ್ಲ. ಸಾಹಸದಿಂದ ಸಂಪಾದಿಸಿದ ಪ್ಲೇಟಿನ ಬಾಸ್ ಗಿಟಾರಿಗೆ ತಲೆದೂಗಿದ ಕಿವಿಯೇ, ರಾಜ್‌ಕುಮಾರ್ ಹಾಡಿನ ಅಡಿಯಲ್ಲಿ ನಡೆಯುತ್ತಿದ್ದ ಬಾಸ್ ಗಿಟಾರನ್ನು ಗಮನಿಸಲಿಲ್ಲ. ಅದು ಕಿವಿಯ ದೋಷವಲ್ಲ, ನಮಗಿದ್ದ ಅಂತಸ್ತಿನ ಹಂಬಲದ ದೋಷ. ಆಗಿನ ನಮ್ಮ ಉತ್ಸಾಹದ ಬಗ್ಗೆ ಇವತ್ತಿಗೂ ಪ್ರೀತಿಯಿದೆ. ಆ ಉತ್ಸಾಹದೊಳಗೆ ಅಡಗಿದ್ದ ಸಣ್ಣತನವನ್ನು ಮಾತ್ರ ಮುಚ್ಚಿಡುವುದು ಸರಿಯಲ್ಲ.

ಆ ಸ್ಟುಡಿಯೋಗಳೊಳಗೆ ನಡೆಯುತ್ತಿದ್ದುದು ಏನು? ಎವಿಎಂ, ವಾಹಿನಿ, ಜೆಮಿನಿ, ಪ್ರಸಾದ್ ಮುಂತಾದ ಕಡೆ ಕಾಲ್‌ಶೀಟ್ ಲೆಕ್ಕದಲ್ಲಿ ಸೇರುತ್ತಿದ್ದ ವಾದ್ಯಗಾರರು ಬೆಳಿಗ್ಗೆ ತಮಿಳು, ಮಧ್ಯಾಹ್ನ ಕನ್ನಡ, ಸಂಜೆ ತೆಲುಗು ಅಥವಾ ಮಲಯಾಳಂ ಹಾಡಿಗೆ ನುಡಿಸುವವರು. ಮೋನೊ ಧ್ವನಿಮುದ್ರಣ. ಹಾಡುಗಾರ, ಕೋರಸ್, ಪಿಟೀಲುಗಳ ಸಾಲು, ತಾಳವಾದ್ಯ ಎಲ್ಲವೂ ಒಂದೇ ಟೇಕಿನಲ್ಲಿ ಬರಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ಈ ಮಂದಿ ಬಂದದ್ದು ಎಲ್ಲಿಂದ ಎನ್ನುವುದರಲ್ಲೇ ಸಂಗೀತದ ಅರ್ಧ ಗುಟ್ಟಿದೆ. ಪೆರಂಬೂರಿನ ರೈಲ್ವೆ ಕಾಲೊನಿಯ ಆಂಗ್ಲೋ ಇಂಡಿಯನ್ನರು, ಇಗರ್ಜಿಯ ಗಾಯಕವೃಂದದಲ್ಲಿ ಸ್ವರಪ್ರಸ್ತಾರ ಓದಲು ಕಲಿತವರು, ಪೊಲೀಸ್ ಮತ್ತು ಮಿಲಿಟರಿ ಬ್ಯಾಂಡಿನಲ್ಲಿ ತುತ್ತೂರಿ ಊದಿ ಬಂದವರು, ಮೌಂಟ್ ರೋಡಿನ ಮ್ಯೂಸಿ ಮ್ಯೂಸಿಕಲ್‌ನಲ್ಲಿ ಟ್ರಿನಿಟಿ ಕಾಲೇಜಿನ ಪರೀಕ್ಷೆ ಕಟ್ಟಿದವರು, ಮೈಲಾಪುರದಲ್ಲಿ ಧನರಾಜ್ ಮಾಸ್ತರರ ಬಳಿ ಹಾರ್ಮೊನಿ ಕಲಿತವರು. ಇವರ ಪಕ್ಕದಲ್ಲೇ ಮೃದಂಗ, ಘಟ, ಡೋಲಕ್ಕು, ತವಿಲ್ ಹಿಡಿದು ಕೂತವರು ಕೋರ್ವೈ ಲೆಕ್ಕವನ್ನು ಉಸಿರಾಡಿದಷ್ಟು ಸಹಜವಾಗಿ ಹಾಕುವವರು. ಏಳು ಅಕ್ಷರದ ಮಿಶ್ರ, ಐದರ ಖಂಡ ಇವರಿಗೆ ಪಾಠದ ಮೊದಲ ವರ್ಷದ ಸಂಗತಿ. ಅಮೆರಿಕ, ಇಂಗ್ಲೆಂಡಿನ ಜಾಝ್-ರಾಕ್ ಮಂದಿ ವಿಷಮ ತಾಳಗಳಿಗಾಗಿ ಭಾರತದ ಕಡೆ ಕೈಚಾಚುತ್ತಿದ್ದ ಹೊತ್ತಿನಲ್ಲಿ, ಡ್ರಮ್ ಕಿಟ್ಟೂ ಘಟವೂ ಒಂದೇ ಕೋಣೆಯಲ್ಲಿ ಸಂಬಳಕ್ಕೆ ಕೂತಿದ್ದ ಊರು ಇದು. ವಾರಕ್ಕೊಂದು ಕ್ಲಬ್ಬಿನಲ್ಲಲ್ಲ, ದಿನಕ್ಕೆರಡು ಕಾಲ್‌ಶೀಟಿನಲ್ಲಿ. ಇಷ್ಟು ಅಭ್ಯಾಸ ಮಾಡುವ ಅವಕಾಶ ಜಗತ್ತಿನ ಎಷ್ಟು ಬ್ಯಾಂಡುಗಳಿಗೆ ಸಿಕ್ಕಿತ್ತು?

ಹಾಗಾದರೆ ಕೇಳಿಸದೆ ಹೋದದ್ದು ಏಕೆ? ಮೊದಲ ಕಾರಣ ಪ್ಲೇಟಿನ ಹೊದಿಕೆ. ನಮ್ಮ ಇಪಿ, ಎಲ್‌ಪಿಗಳ ಮೇಲೆ ಚಿತ್ರದ ಹೆಸರು, ಹಾಡಿದವರು, ಸಾಹಿತ್ಯ, ಸಂಗೀತ ನಿರ್ದೇಶಕರು ಇಷ್ಟೇ ಅಚ್ಚಾಗುತ್ತಿತ್ತು. ನುಡಿಸಿದವರಿಗೆ ಅಲ್ಲಿ ಜಾಗವಿರಲಿಲ್ಲ. ಹೆಸರಿಲ್ಲದ ಬ್ಯಾಂಡನ್ನು ಹುಡುಕಿಕೊಂಡು ಹೋಗುವುದಾದರೂ ಹೇಗೆ? ಎರಡನೆಯ ಕಾರಣ ಇದಕ್ಕಿಂತ ಆಳದ್ದು, ಇದರ ಬಗ್ಗೆ ನಾವು ಸಾಕಷ್ಟು ಯೋಚಿಸಿಲ್ಲ ಅನ್ನಿಸುತ್ತದೆ. ಸಿನಿಮಾದ ಕಥೆ ಈ ಸಂಗೀತವನ್ನು ಎಲ್ಲಿ ಕೂರಿಸಿತು ನೋಡಿ. ದೊರೆ-ಭಗವಾನ್ ಅವರ ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’ ಎರಡೂ 1968ರವು, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಮರುವರ್ಷದ್ದು. ಮೂರಕ್ಕೂ ಜಿ.ಕೆ. ವೆಂಕಟೇಶ್ ಸಂಗೀತ. ಎಲೆಕ್ಟ್ರಿಕ್ ಗಿಟಾರ್, ಹಿತ್ತಾಳೆ ವಾದ್ಯಗಳು, ಬೊಂಗೊ, ಆರ್ಗನ್ ಬೆನ್ನುಮೂಳೆ ನೆಟ್ಟಗೆ ಮಾಡಿ ನಿಲ್ಲುವುದು ಇಂಥ ಚಿತ್ರಗಳಲ್ಲಿ ಖಳನ ಅಡ್ಡೆಯಲ್ಲಿ, ಹೋಟೆಲಿನ ಕುಣಿತದಲ್ಲಿ, ಎಲ್.ಆರ್. ಈಶ್ವರಿ ಅವರ ಅದ್ಭುತ ಕಂಠಕ್ಕೆ ಮೀಸಲಾದ ಕ್ಯಾಬರೆಯಲ್ಲಿ. ನಾಯಕಿಯ ಪಾಲಿಗೆ ವೀಣೆ, ಕೊಳಲು, ಪಿಟೀಲು. ಕೆಟ್ಟ ಹೆಣ್ಣಿನ ಪಾಲಿಗೆ ಸ್ಯಾಕ್ಸೊಫೋನ್. ಹೀಗೆ ವರ್ಷಗಟ್ಟಲೆ ಕಂಡ ಮೇಲೆ ವಾದ್ಯಕ್ಕೇ ಕಳಂಕ ಅಂಟಿತು. ಸಭ್ಯ ಮನೆಯ ಕಿವಿ ಆ ಹಾಡು ಬಂದಾಗ ರೇಡಿಯೋದ ದನಿ ತಗ್ಗಿಸಿತು. ವೆಂಕಟೇಶ್ ಸ್ವತಃ ವೀಣೆ ನುಡಿಸುತ್ತಿದ್ದವರು ಎನ್ನುವುದನ್ನು ನೆನೆದರೆ ಈ ವಿಭಜನೆ ಎಷ್ಟು ಕೃತಕ ಎಂದು ಗೊತ್ತಾಗುತ್ತದೆ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ದ ಕೈಯೇ ಆ ಕ್ಲಬ್ಬಿನ ಹಾಡುಗಳನ್ನೂ ಕಟ್ಟಿತ್ತು. ಈ ಕಳಂಕ ಸಡಿಲವಾದದ್ದು ಅವರ ಸಹಾಯಕನ ಕೈಯಲ್ಲಿ. 1976ರ ‘ಅನ್ನಕ್ಕಿಳಿ’ಯಿಂದ ತಮಿಳಿನಲ್ಲಿ, 1978ರ ‘ಮಾತು ತಪ್ಪದ ಮಗ’ದಿಂದ ಕನ್ನಡದಲ್ಲಿ ಸ್ವತಂತ್ರವಾಗಿ ಸಂಗೀತ ಕೊಟ್ಟ ಇಳಯರಾಜ, ಬರುಬರುತ್ತ ಬಾಸ್ ಗಿಟಾರನ್ನು ಕ್ಲಬ್ಬಿನಿಂದ ಹೊಲಗದ್ದೆಗೆ ಕರೆದೊಯ್ದರು. ಹಳ್ಳಿಯ ಹುಡುಗಿಯ ಹಾಡಿನ ಕೆಳಗೂ ಅದು ನಡೆಯಬಹುದು ಎಂದಾದ ಮೇಲೆ ಆ ವಾದ್ಯಕ್ಕೆ ಪಾಪಪ್ರಜ್ಞೆ ಉಳಿಯಲಿಲ್ಲ.

ಈ ಸ್ಟುಡಿಯೋ ಸಂಗೀತವನ್ನು ಜಾಝ್-ರಾಕ್ ಎನ್ನುವುದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಜಾಝ್‌ನ ಜೀವ ಇರುವುದು ಮನೋಧರ್ಮದಲ್ಲಿ, ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವ ಸ್ವಾತಂತ್ರ್ಯದಲ್ಲಿ. ಮೂರೂವರೆ ನಿಮಿಷದ ಹಾಡಿನಲ್ಲಿ, ಬರೆದುಕೊಟ್ಟ ‘ಬಿಟ್’ ನುಡಿಸಿ ಸಂಬಳ ಎಣಿಸಿಕೊಂಡು ಹೋಗುವವನನ್ನು ಜಾಝ್ ವಾದಕ ಎನ್ನುವುದು ಹೇಗೆ? ‘ಶಕ್ತಿ’ಯ ಮೊದಲ ಎಲ್‌ಪಿ ನೋಡಿ: 1975ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಸೌತ್‌ಹ್ಯಾಂಪ್ಟನ್ ಕಾಲೇಜಿನ ಕಛೇರಿಯಲ್ಲಿ ನೇರ ಮುದ್ರಿಸಿದ್ದು, ಅದರಲ್ಲಿ ಒಂದೇ ಕೃತಿ ಸುಮಾರು 29 ನಿಮಿಷ ಹರಿಯುತ್ತದೆ. ಸಿನಿಮಾ ಹಾಡಿನಲ್ಲಿ ಇದಕ್ಕೆ ಸಾಟಿಯಿಲ್ಲ, ಒಪ್ಪಬೇಕು. ಆದರೆ ಜಾಝ್-ರಾಕ್ ಎಂಬ ಹೆಸರಿನ ಸಂಗೀತವೆಲ್ಲ ಮನೋಧರ್ಮದ್ದೇ ಎನ್ನುವುದು ನಿಜವಲ್ಲ. ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಗಿಟಾರ್, ಪಿಟೀಲು, ಕೀಬೋರ್ಡ್ ಒಟ್ಟಿಗೆ ಮಿಂಚಿನಂತೆ ಓಡುವ ಭಾಗಗಳು ಒಂದೊಂದು ಸ್ವರವನ್ನೂ ಮೊದಲೇ ಕಟ್ಟಿ, ಅಭ್ಯಾಸ ಮಾಡಿ ನುಡಿಸಿದವು. ಆ ಪ್ರಕಾರಕ್ಕೆ ಗುರುತು ಕೊಟ್ಟದ್ದೇ ಆ ಕಟ್ಟೋಣ. ನಮ್ಮ ಸ್ಟುಡಿಯೋಗಳಲ್ಲೂ ಪಿಟೀಲುಗಳಿಗೆ ಸ್ವರ ಬರೆದುಕೊಟ್ಟರೆ, ಡ್ರಮ್ಮಿಗೂ ಬಾಸಿಗೂ ಎಷ್ಟೋ ಸಲ ಕಾರ್ಡಿನ ಹೆಸರು, ನಡೆಯ ಸೂಚನೆ ಇಷ್ಟೇ. ಎರಡು ಸಾಲಿನ ನಡುವಿನ ಸಂದಿಯನ್ನು ತುಂಬುವುದು ವಾದಕನ ಬುದ್ಧಿಗೆ ಬಿಟ್ಟದ್ದು. ಎರಡು ಮಾತ್ರೆ, ನಾಲ್ಕು ಮಾತ್ರೆಯ ಸ್ವಾತಂತ್ರ್ಯ ಅದು. ತನಿ ಆವರ್ತನದ ಪಕ್ಕದಲ್ಲಿಟ್ಟರೆ ಚೂರು. ಆದರೆ ನಾಲ್ಕು ಮಾತ್ರೆಯಲ್ಲಿ ತನ್ನ ಗುರುತು ಬಿಟ್ಟು ಹೋಗಬಲ್ಲವನ ಕೈ ಸಾಮಾನ್ಯದ್ದಲ್ಲ. ಜಾನಪದದ ತ್ರಿಪದಿಗೆ ಮೂರೇ ಸಾಲು ಎಂದು ಅದನ್ನು ಕಾವ್ಯವಲ್ಲ ಅನ್ನುತ್ತೇವೆಯೇ?

ಎರಡನೆಯ ಆಕ್ಷೇಪ ನಕಲಿನದು. ಆ ಕಾಲದ ಹಾಡುಗಳಲ್ಲಿ ಹಾಲಿವುಡ್ ಚಿತ್ರಗಳ ರಾಗ, ಲ್ಯಾಟಿನ್ ಕುಣಿತದ ಮಟ್ಟು ಎತ್ತಿಕೊಂಡದ್ದು ಬೇಕಾದಷ್ಟಿದೆ, ಕೆಲವು ಕಡೆ ನಾಚಿಕೆಯಿಲ್ಲದೆ. ಹಳೆಯದೆಲ್ಲ ಹೊನ್ನು ಎಂದು ನಾನು ವಾದಿಸುತ್ತಿಲ್ಲ. ಬಹುಪಾಲು ಹಾಡುಗಳು ಸಾಧಾರಣ, ಕೆಲವು ಕೆಟ್ಟವು. ಜೊತೆಗೆ ಹೆಣ್ಣನ್ನು ಒಳ್ಳೆಯವಳು, ಕೆಟ್ಟವಳು ಎಂದು ವಾದ್ಯದ ಮೂಲಕ ಸೀಳಿದ ಆ ಪದ್ಧತಿಯನ್ನು ಮೆಚ್ಚಲು ಕಾರಣವೇ ಇಲ್ಲ. ಆದರೆ ಎರವಲು ಪಡೆದದ್ದರಿಂದಲೇ ಒಂದು ಸಂಗೀತ ಕೀಳಾಗುವುದಾದರೆ, ಕೊನ್ನಕ್ಕೋಲಿನ ಲೆಕ್ಕವನ್ನೂ ತಂಬೂರಿಯ ಶ್ರುತಿಯನ್ನೂ ನಮ್ಮಿಂದ ಪಡೆದ ಜಾಝ್-ರಾಕ್ ಅದೇ ತಕ್ಕಡಿಯಲ್ಲಿ ಕೂರಬೇಕಾಗುತ್ತದೆ. ನೋಡಬೇಕಾದದ್ದು ಪಡೆದದ್ದನ್ನು ಏನು ಮಾಡಿದರು ಎಂಬುದನ್ನು. 1978ರ ‘ಆಪರೇಷನ್ ಡೈಮಂಡ್ ರ‍್ಯಾಕೆಟ್’ನಲ್ಲಿ ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡು ಇವತ್ತು ಹೊಸಬರ ಮೊಬೈಲುಗಳಲ್ಲಿ ಓಡಾಡುತ್ತಿದೆ. ಬಹುತೇಕರು ಅದನ್ನು ಹಂಚುವುದು ನಗುವುದಕ್ಕೆ. ಕನ್ನಡದ ಕಂಠ ಇಂಗ್ಲಿಷಿನಲ್ಲಿ ಎಂಬ ಒಂದೇ ವಿಚಿತ್ರಕ್ಕೆ ನಕ್ಕು ಮುಂದೆ ಹೋಗುವವರು, ಆ ಕಂಠ ಎಷ್ಟು ನಿರಾಳವಾಗಿ ಅಪರಿಚಿತ ಲಯದ ಮೇಲೆ ಕೂತಿದೆ, ಹಿಮ್ಮೇಳ ಅದನ್ನು ಹೇಗೆ ಹೊತ್ತಿದೆ ಎಂದು ಒಮ್ಮೆ ಗಾಯನವನ್ನು ಮರೆತು ಕೇಳಬೇಕು. ಇನ್ನು ರಾಜನ್-ನಾಗೇಂದ್ರ ಸೋದರರಲ್ಲಿ ಈ ಎರವಲು ಇನ್ನೂ ಸೂಕ್ಷ್ಮ. ಮೈಸೂರಿನ ಭಾವಗೀತೆಯಂಥ ಮಟ್ಟಿನ ಕೆಳಗೆ ಗಿಟಾರಿನ ಮೀಟು ಸದ್ದಿಲ್ಲದೆ ಸೇರಿಕೊಂಡಿರುತ್ತದೆ, ಅದು ಹೊರಗಿನದು ಎಂಬ ನೆನಪೇ ಬರುವುದಿಲ್ಲ.

ಅವಕಾಶ ಸಿಕ್ಕಿದ್ದರೆ ಇಲ್ಲಿನವರು ಏನು ಮಾಡಬಲ್ಲವರಾಗಿದ್ದರು ಎನ್ನುವುದಕ್ಕೆ ಸಾಕ್ಷಿ ಬೆಂಗಳೂರಿನಲ್ಲಿದೆ. ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ತಾಳವಾದ್ಯ ಕಾಲೇಜು ಮೃದಂಗ, ಘಟ, ಖಂಜಿರ ಕಲಿಸುವ ಶಾಲೆ. ಮದರಾಸಿನಲ್ಲಿ ಹುಟ್ಟಿದ ರಮೇಶ್ ಶೊಟ್ಟಂ ಎಂಬ ಡ್ರಮ್ ವಾದಕ, ಎಪ್ಪತ್ತರ ದಶಕದಲ್ಲಿ ‘ಹ್ಯೂಮನ್ ಬಾಂಡೇಜ್’ ಎಂಬ ರಾಕ್ ತಂಡದಲ್ಲಿ ನುಡಿಸಿ, ಆಮೇಲೆ ಈ ಶಾಲೆಗೆ ಬಂದು ತವಿಲ್ ಕಲಿತರು. ಆ ತಂಡ ಕೇಳಿದವರ ನೆನಪಿನಲ್ಲಿ ಉಳಿದಷ್ಟು ಪ್ಲೇಟಿನಲ್ಲಿ ಉಳಿಯಲಿಲ್ಲ. ಮ್ಯೂನಿಕ್‌ನ ಜಾಝ್-ರಾಕ್ ತಂಡ ‘ಎಂಬ್ರಿಯೊ’ ದಶಕದ ಕೊನೆಗೆ ರಸ್ತೆ ಹಿಡಿದು ಭಾರತಕ್ಕೆ ಬಂತು. ಈ ಕಾಲೇಜಿನವರೊಂದಿಗೆ ನುಡಿಸಿದ ‘ಲೈಫ್’ ಎಂಬ ಪ್ಲೇಟು 1980ರಲ್ಲಿ ಜರ್ಮನಿಯಲ್ಲಿ ಹೊರಬಂತು. 1983ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ ‘ಜ್ಯೋತಿ’ ಇಸಿಎಂ ಕಂಪನಿಯಿಂದ ಬಂತು. ನಾಗಸ್ವರ ಕಲಿಯಲೆಂದು ದಕ್ಷಿಣ ಭಾರತಕ್ಕೆ ಬಂದಿದ್ದವರು ಮರಿಯಾನೊ. ‘ಜ್ಯೋತಿ’ಯ ಹೊದಿಕೆಯನ್ನು ನೋಡಿ: ಗಾಯಕಿ ಆರ್.ಎ. ರಮಾಮಣಿ, ಮೃದಂಗದ ಮಣಿ, ಘಟ ಮತ್ತು ಮೋರ್ಚಿಂಗ್‌ನ ಆರ್.ಎ. ರಾಜಗೋಪಾಲ್, ಖಂಜಿರದ ಟಿ.ಎನ್. ಶಶಿಕುಮಾರ್, ಎಲ್ಲರ ಹೆಸರೂ ಅಚ್ಚಾಗಿದೆ. ಮದರಾಸಿಗೆ ಒಂದು ರಾತ್ರಿಯ ರೈಲು ದೂರದ ಊರಿನ ಕೈಗಳು, ಅದೇ ಬಗೆಯ ವಿದ್ಯೆ. ಒಂದು ಹೊದಿಕೆ ಹೆಸರು ಹಾಕಿತು, ಆದ್ದರಿಂದ ಚರಿತ್ರೆಯಲ್ಲಿ ಸೇರಿತು. ಇನ್ನೊಂದು ಹಾಕಲಿಲ್ಲ.

ಈಗ ಆ ಕಾಲದ ಪ್ಲೇಟುಗಳನ್ನು ಅಗೆದು ತೆಗೆಯುವ ಕೆಲಸ ಹೆಚ್ಚಾಗಿ ನಡೆಯುತ್ತಿರುವುದು ಹೊರದೇಶಗಳಲ್ಲಿ. ಆನಂದಶಂಕರ್ 1975ರಲ್ಲಿ ಮಾಡಿದ ಸಿತಾರು-ಡ್ರಮ್ಮಿನ ಪ್ಲೇಟಿಗೆ ತೊಂಬತ್ತರ ದಶಕದಲ್ಲಿ ಲಂಡನ್ನಿನ ಕುಣಿತದ ಕ್ಲಬ್ಬುಗಳಲ್ಲಿ ಎರಡನೆಯ ಜನ್ಮ ಸಿಕ್ಕಿತು. ಬೊಂಬಾಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಸಿಂಥಸೈಜರ್ ಮೇಲೆ ಹತ್ತು ರಾಗ ನುಡಿಸಿದ ಎಲ್‌ಪಿ ಆಗ ಯಾರ ಗಮನಕ್ಕೂ ಬಾರದೆ, 2010ರ ಮರುಮುದ್ರಣದ ನಂತರ ಜಗತ್ತೆಲ್ಲ ಸುತ್ತಿತು. ಬ್ರಿಟನ್ನಿನ ‘ಫೈಂಡರ್ಸ್ ಕೀಪರ್ಸ್’ ಕಂಪನಿ ಇಳಯರಾಜರ 1977ರಿಂದ 1983ರವರೆಗಿನ ಹಾಡುಗಳ ಒಂದು ಸಂಕಲನ ತಂದಿದೆ. ಈ ಶ್ರಮಕ್ಕೆ ಕೃತಜ್ಞತೆ ಸಲ್ಲಲೇಬೇಕು. ನಾವು ಎಸೆದದ್ದನ್ನು ಅವರು ಹೆಕ್ಕಿದರು. ಆದರೆ ಹೊರಗಿನ ಸಂಗ್ರಾಹಕನ ಕಿವಿ ಹುಡುಕುವುದು ತನಗೆ ವಿಲಕ್ಷಣ ಅನ್ನಿಸಿದ್ದನ್ನು. ವಿಚಿತ್ರವಾದ ಹೊದಿಕೆ, ವಿಚಿತ್ರವಾದ ಸದ್ದು. ಸಾದಾ ಪ್ರೇಮಗೀತೆಯ ಎರಡನೆಯ ಚರಣಕ್ಕೆ ಮುಂಚೆ ಹದಿನಾರು ಮಾತ್ರೆ ಮಾತ್ರ ಬಂದು ಹೋಗುವ ಜಾಝ್ ಅವನಿಗೆ ಸಿಗುವುದಿಲ್ಲ. ಅದನ್ನು ಆ ಹಾಡುಗಳ ನಡುವೆಯೇ ಬೆಳೆದವರು ಮಾತ್ರ ಗುರುತಿಸಬಲ್ಲರು. ಚರಣ್‌ಜಿತ್ ಸಿಂಗ್ ಕಥೆಯಲ್ಲಿ ಇನ್ನೊಂದು ಮಾತೂ ಇದೆ. ಅವರು ಪತ್ತೆಯಾದದ್ದು ಆ ಒಂದು ಪ್ಲೇಟಿನ ಮೇಲೆ ತಮ್ಮ ಹೆಸರು ಇದ್ದುದರಿಂದ. ನೂರಾರು ಹಾಡುಗಳಿಗೆ ನುಡಿಸಿ ಒಂದರ ಮೇಲೂ ಹೆಸರಿಲ್ಲದವರ ಗತಿ ಏನು?

ಆ ಕಾಲದ ಕಟ್ಟಡಗಳಲ್ಲಿ ಹಲವು ಹೋಗಿವೆ. ಜೆಮಿನಿ ಸ್ಟುಡಿಯೋ ಇದ್ದ ಜಾಗದಲ್ಲಿ ಪಾರ್ಕ್ ಹೋಟೆಲ್ ನಿಂತಿದೆ, ಮೇಲ್ಸೇತುವೆಗೆ ಮಾತ್ರ ಜನ ಇನ್ನೂ ಜೆಮಿನಿ ಎನ್ನುತ್ತಾರೆ. ವಾಹಿನಿಯ ನೆಲದಲ್ಲಿ ಆಸ್ಪತ್ರೆ, ಹೋಟೆಲು, ಮಾಲ್ ಎದ್ದಿವೆ. ಮೂರ್ ಮಾರ್ಕೆಟ್ 1985ರ ಮೇ 30ರಂದು ಬೆಂಕಿಗೆ ಬಿತ್ತು. ಅದೇ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿ, ಹಾಡು ಮುದ್ರಿಸಲು ಕನ್ನಡದವರು ಮದರಾಸಿನ ರೈಲು ಹತ್ತಲೇಬೇಕಾದ ಅನಿವಾರ್ಯತೆಯನ್ನು ಕಡಿಮೆ ಮಾಡಿದರು. ಅದು ಕನ್ನಡಕ್ಕೆ ಒಳ್ಳೆಯದೇ ಆಯಿತು. ಆದರೆ ಹಳೆಯ ಊರಿನೊಡನೆ ಇದ್ದ ನಂಟು ಕಡಿದಾಗ ಅಲ್ಲಿ ನಮಗಾಗಿ ನುಡಿಸಿದವರ ಸುಳಿವೂ ಕಡಿಯಿತು. ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಎಷ್ಟೋ ಆಸ್ಟ್ರೇಲಿಯ, ಇಂಗ್ಲೆಂಡಿಗೆ ಹೊರಟುಹೋದವು. ಸಿಂಥಸೈಜರ್ ಬಂದ ಮೇಲೆ ಪಿಟೀಲುಗಳ ಸಾಲು ಕರಗಿತು. ಎಪ್ಪತ್ತರಲ್ಲಿ ಇಪ್ಪತ್ತೈದರ ಹರೆಯದವರಾಗಿದ್ದ ವಾದಕರಿಗೆ ಈಗ ಎಂಬತ್ತರ ಆಸುಪಾಸು.

ಒಂದು ಸಂಗತಿ ಮಾತ್ರ ನಮ್ಮ ಪರವಾಗಿದೆ. ಒಟ್ಟಿಗೆ ದುಡಿದ ವಾದಕರು ಒಬ್ಬರ ಕೈಯನ್ನು ಇನ್ನೊಬ್ಬರು ಕೇಳಿಯೇ ಗುರುತಿಸುತ್ತಾರೆ: ಇದು ಇಂಥವನ ಗಿಟಾರ್, ಈ ರೋಲ್ ಅವನದೇ, ಈ ಪಿಟೀಲಿನ ಮೊದಲ ಸಾಲಿನಲ್ಲಿ ಇಂಥವನು ಕೂತಿದ್ದ. ಅಕ್ಷರದಲ್ಲಿ ಇಲ್ಲದ ಹೆಸರು ಕಿವಿಯಲ್ಲಿ ಉಳಿದಿರುತ್ತದೆ. ಸಿನಿಮಾ ವಾದ್ಯಗಾರರ ಸಂಘ ಈ ಊರಿನಲ್ಲೇ ಇದೆ, ಹಳಬರಲ್ಲಿ ಕೆಲವರು ಸಾಲಿಗ್ರಾಮ, ವಡಪಳನಿಯ ಬೀದಿಗಳಲ್ಲೇ ಇದ್ದಾರೆ. ಹಾಡುಗಳೆಲ್ಲ ಈಗ ಒಂದು ಮೊಬೈಲಿನಲ್ಲಿ ಹಿಡಿಸುತ್ತವೆ. ಅವರ ಮುಂದೆ ಕೂತು, ಒಂದೊಂದೇ ಬಿಟ್ ಕೇಳಿಸಿ, ಅವರು ಹೇಳಿದ ಹೆಸರನ್ನು ಕನ್ನಡದಲ್ಲಿ ಬರೆದುಕೊಳ್ಳುವವರು ಬೇಕು. ಚೆನ್ನೈನ ಕನ್ನಡಿಗರಿಗೆ ಇದು ನೆರೆಮನೆಯ ಕೆಲಸ. ಎಲ್ಲ ಹಾಡುಗಳೂ ಒಮ್ಮೆಲೇ ಬೇಡ. ‘ಜೇಡರ ಬಲೆ’ಯಿಂದ ‘ಆಪರೇಷನ್ ಡೈಮಂಡ್ ರ‍್ಯಾಕೆಟ್’ವರೆಗಿನ ಹತ್ತು ವರ್ಷ, ಜಿ.ಕೆ. ವೆಂಕಟೇಶ್ ಅವರ ಹಾಡುಗಳು ಮಾತ್ರ. ಅಲ್ಲಿಂದ ಶುರುಮಾಡಬಹುದು.